ಬೋಟು ಕಟ್ಟಿದ 61 ದಿನ: ಬೈತಖೋಲ್ ಬಂದರಿನ ನನ್ನ ಹೊಸ ಚಿತ್ರಗಳು, ಅವಕ್ಕೆ ಕಾರಣವಾದ ಒಂದು ಗೋಡೆ

ಕೆಮ್ಮಣ್ಣು (ಕಾರವಾರ)

ಎಲ್ಲರಿಗೂ ನಮಸ್ಕಾರ. ಹೋದ ಮೇ ತಿಂಗಳಲ್ಲಿ, ಮಳೆಗಾಲದಲ್ಲಿ ಚಿತ್ರ ತೆಗೆಯುವುದು ಹೇಗೆ ಅಂತ ಇಲ್ಲೇ ಕೇಳಿದ್ದೆ. "ಕ್ಯಾಮೆರಾ ಅಕ್ಕಿ ಡಬ್ಬದಲ್ಲಿಟ್ಟು ಆರಾಮ ಮಲಗಿ ಅಕ್ಕೋರೆ" ಅಂತ ಒಬ್ಬರು ಬುದ್ಧಿ ಹೇಳಿದ್ದರು. ಮಲಗಲಿಲ್ಲ. ಅದರ ಫಲ ಈಗ ನಿಮ್ಮ ಮುಂದಿದೆ, ಹನ್ನೆರಡು ಚಿತ್ರ. ಬೈಯುವುದಿದ್ದರೆ ಬೈಯಿರಿ, ಆದರೆ ದೊಡ್ಡದು ಮಾಡಿ ನೋಡಿ ಬೈಯಿರಿ. ಮೊಬೈಲಿನಲ್ಲಿ ಎಲ್ಲವೂ ಬರೀ ತಾಡಪಾಲಿನ ಹಾಗೇ ಕಾಣುತ್ತವೆ.

ವಿಷಯ ಇಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಲೆಕ್ಕ ಹಾಕಿದರೆ 61 ದಿನ. ಆಗ ಬೈತಖೋಲ್ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುತ್ತವೆ. ನಡುವೆ ಹಳೇ ಟೈರು, ಮೇಲೆ ನೀಲಿ ತಾಡಪಾಲು, ಹಿಂದೆ ಮಳೆಗೆ ಕರಗುವ ಕೆಂಪು ಗುಡ್ಡ. ಶಾಲೆಗೆ ಹೋಗುವ ಮೊದಲು, ಆರೂವರೆಯಿಂದ ಎಂಟರವರೆಗೆ, ಎರಡು ಮಳೆಗಾಲ ಅಲ್ಲಿಗೆ ಹೋದೆ. 2024ರಲ್ಲಿ ಮತ್ತು ಈ ವರ್ಷ, ಅಂದರೆ 2025ರಲ್ಲಿ. ಈ ವರ್ಷವಂತೂ ಮಳೆ ಮೇ ಕೊನೆಯಲ್ಲೇ ಬಂತು, ನಿಷೇಧಕ್ಕೂ ಮೊದಲೇ ಬೋಟುಗಳು ದಡ ಸೇರಿದ್ದವು.

ಹನ್ನೆರಡರಲ್ಲೂ ಎರಡೇ ಬಣ್ಣ, ಕೆಂಪು ಮತ್ತು ನೀಲಿ. ಯಾಕೆ ಅಂತ ಹೇಳಬೇಕಾದರೆ ಒಂದು ಗೋಡೆಯ ಕತೆ ಹೇಳಬೇಕು.

ನನ್ನ ಅಜ್ಜಿಯ ಊರು ಅಂಕೋಲೆಯ ಹತ್ತಿರ. ಅಲ್ಲಿಯ ಒಂದು ಸಣ್ಣ ದೇವಸ್ಥಾನದ ಹೊರಗೋಡೆಯಲ್ಲಿ ಕಾವಿ ಕಲೆ ಇತ್ತು. ಬಳ್ಳಿ, ಹೂವು, ಆನೆ, ಒಂದು ಸೊಟ್ಟ ಮೂತಿಯ ಸಿಂಹ. ಚಿಕ್ಕವಳಿದ್ದಾಗ ಅದು ಬಿಳಿ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದು ಅಂತಲೇ ತಿಳಿದಿದ್ದೆ. ಹಾಗಲ್ಲ. ಮೊದಲು ಗೋಡೆಗೆ ಸುಣ್ಣದ ಗಾರೆ. ನಮ್ಮ ಕಡೆ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಅದರ ಮೇಲೆ ಕೆಮ್ಮಣ್ಣಿನ ಒಂದು ಪದರ, ಉಜ್ಜಿ ಉಜ್ಜಿ ನುಣುಪು. ಹಸಿ ಇರುವಾಗಲೇ ಮೊನೆಯಿಂದ ಕೆರೆಯುತ್ತಾರೆ. ಕೆರೆದಲ್ಲಿ ಅಡಿಯ ಬಿಳಿ ಹೊರಗೆ ಬರುತ್ತದೆ. ಅಂದರೆ ಬಿಳಿ ಬಣ್ಣವನ್ನು ಯಾರೂ ಹಚ್ಚಿಲ್ಲ, ಅದು ಮೊದಲಿಂದ ಅಲ್ಲೇ ಇತ್ತು. ಬೇಡದ ಕೆಂಪನ್ನು ತೆಗೆದಿದ್ದಾರೆ ಅಷ್ಟೇ.

ಇದು ಗೊತ್ತಾದದ್ದು ನನಗೆ ಮೂವತ್ತು ದಾಟಿದ ಮೇಲೆ, ಅದೂ ಚಿತ್ರಕಲೆ ಕಲಿಸುವ ಟೀಚರ್ ಆಗಿ! ಮತ್ತೆ ನೋಡಲು ಹೋದರೆ ಗೋಡೆಗೆ ಮಿರಿಮಿರಿ ಆಯಿಲ್ ಪೇಂಟ್ ಹೊಡೆದಿದ್ದರು. ಜೀರ್ಣೋದ್ಧಾರ. ಸಿಂಹದ ಬಾಲದ ತುದಿ ಒಂದು ಮೂಲೆಯಲ್ಲಿ, ಕರೆಂಟ್ ಪೆಟ್ಟಿಗೆಯ ಹಿಂದೆ, ಉಳಿದಿತ್ತು. ಒಂದು ಗೇಣೂ ಇಲ್ಲ. ಅದರ ಫೋಟೋ ತೆಗೆದುಕೊಂಡು ಬಂದೆ. ಈ ಸರಣಿಯ ಮೊದಲ ಚಿತ್ರ ಅದೇ ಆಗಬೇಕಿತ್ತು, ಕೊನೆಗೆ ಸೇರಿಸಲಿಲ್ಲ.

ಬಂದರಿನಲ್ಲಿ ನಾನು ಮಾಡಿದ್ದೂ ಆ ಕೆರೆಯುವ ಕೆಲಸವೇ. ಫ್ರೇಮಿನಲ್ಲಿ ಹಳದಿ ಕ್ಯಾನು ಬಂದರೆ ಎರಡು ಹೆಜ್ಜೆ ಆಚೆ. ಹಸಿರು ಬಲೆ ಬಂದರೆ ಮಂಡಿಯೂರು. ಕೆಲವು ದಿನ ಏನು ಮಾಡಿದರೂ ಆಗುವುದಿಲ್ಲ, ಸುಮ್ನೆ ವಾಪಸ್.

ಚಿತ್ರ 4 ನನಗೆ ಇಷ್ಟ. ಬೋಟಿನ ಒಳಗೆ ನಿಂತ ಮಳೆನೀರು. ಕಬ್ಬಿಣದ ತುಕ್ಕು ಇಳಿದು ನೀರಿನ ತಳ ಪೂರಾ ಕಾವಿ ಬಣ್ಣ. ಮೇಲೆ ತಾಡಪಾಲಿನ ನೆರಳು ನೀಲಿಯಾಗಿ ಬಿದ್ದಿದೆ. ಒಂದು ಮಳೆಹನಿ ಬಿದ್ದು ಉಂಗುರ ಎದ್ದಿದೆ, ಆ ಉಂಗುರದ ಒಳಗೆ ಕೆಂಪು, ಹೊರಗೆ ನೀಲಿ. ಆ ಒಂದು ಹನಿಗೆ ಮೂರು ಬೆಳಗು ಹೋಗಿದೆ.

ನೋಡಿ ಹೇಳಿ.

ಬಂಗಡೆಪ್ರಿಯ (ಕಾರವಾರ)

ಅಕ್ಕಿ ಡಬ್ಬದ ಬುದ್ಧಿ ನನ್ನದೇ. ತಪ್ಪಾಯಿತು ಅಕ್ಕೋರೆ.

ಆದರೂ ಒಂದು ಮಾತು. ನಮ್ಮ ಹಿತ್ತಲಿನಲ್ಲಿ ಕಟ್ಟಿಗೆಗೆ ಹೊದಿಸಿದ ಇಂಥದ್ದೇ ತಾಡಪಾಲು ಇದೆ. ಇಷ್ಟು ದಿನ ಅದು ಕಲೆ ಅಂತ ಗೊತ್ತಿರಲಿಲ್ಲ. ಹೆಂಡತಿಗೆ ಹೇಳಿದೆ, ಅವಳು ಕಟ್ಟಿಗೆ ತೆಗೆದುಕೊಂಡಳು.

4 ಮಾತ್ರ ನಿಜಕ್ಕೂ ಚೆನ್ನಾಗಿದೆ. ನಾನು ಮೊದಲು ಆಕಾಶದ ಫೋಟೋ ಅಂದುಕೊಂಡೆ.

ಸೊಪ್ಪಿನಬೆಟ್ಟ (ಶಿರಸಿ)

ಚಿತ್ರಗಳಿಗಿಂತ ಮೊದಲು ಆ ಸಿಂಹದ ಬಾಲದ ಬಗ್ಗೆ ಬೇಜಾರಾಯಿತು. ಘಟ್ಟದ ಮೇಲೂ ಇದೇ ಕತೆ. ಸಿದ್ದಾಪುರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ಗೊತ್ತಲ್ಲ? ಅಲ್ಲಿ ನಿಮ್ಮ ಕಾವಿಯ ಉಲ್ಟಾ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯನ್ನು ನಾರಿನ ಕುಂಚದಲ್ಲಿ ಎಳೆಯುತ್ತಾರೆ. ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಬಂದ ಮೇಲೆ ಚಿತ್ತಾರ ಗೋಡೆಯಿಂದ ಇಳಿದು ಚೌಕಟ್ಟು ಹಾಕಿದ ಹಲಗೆಯ ಮೇಲೆ ಕೂತಿತು. ಈಗ ಅದನ್ನು ಹೆಚ್ಚಾಗಿ ನೋಡುವುದು ರೆಸಾರ್ಟಿನಲ್ಲಿ.

ಒಂದು ಪ್ರಶ್ನೆ. ಎರಡೇ ಬಣ್ಣ ಅಂದಿರಿ. ಹಾಗಿದ್ದರೆ ಕಪ್ಪು ಬಿಳುಪಿನಲ್ಲೇ ತೆಗೆಯಬಹುದಿತ್ತಲ್ಲ?

ಕೆಮ್ಮಣ್ಣು

ಕಪ್ಪು ಬಿಳುಪು ಮಾಡಿ ನೋಡಿದೆ. ತಾಡಪಾಲು ಮತ್ತು ಗುಡ್ಡ ಎರಡೂ ಒಂದೇ ಬೂದಿ ಆದವು. ಕಣ್ಣಿಗೆ ಅಷ್ಟು ಬೇರೆ ಕಾಣುವ ಕೆಂಪು, ನೀಲಿ ಮೋಡದ ಬೆಳಕಿನಲ್ಲಿ ಒಂದೇ ತೂಕದವು. ಚಿತ್ರ ಬದುಕಿರುವುದೇ ಆ ಎರಡರ ಜಗಳದಲ್ಲಿ.

ಕಪ್ಪು ಬಿಳುಪಿನ ಆಸೆ ಇರಲಿಲ್ಲ ಅಂತಲ್ಲ. ಜಪಾನಿನ ಛಾಯಾಗ್ರಾಹಕ ಹಿರೋಶಿ ಸುಗಿಮೊಟೊ 1980ರಿಂದ ಜಗತ್ತಿನ ಬೇರೆ ಬೇರೆ ಕಡಲುಗಳನ್ನು ತೆಗೆದಿದ್ದಾರೆ. ಪ್ರತಿಯೊಂದರಲ್ಲೂ ಅರ್ಧ ನೀರು, ಅರ್ಧ ಆಕಾಶ, ನಡುವೆ ಗೆರೆ. ದೋಣಿ ಇಲ್ಲ, ದಡ ಇಲ್ಲ, ಹಕ್ಕಿ ಇಲ್ಲ. ಅದನ್ನು ನೋಡಿ ಎರಡು ವರ್ಷ ಟಾಗೋರ್ ಕಡಲತೀರದಲ್ಲಿ ಗೆರೆ ಹುಡುಕಿದೆ. ನಮ್ಮ ಕಡಲಿನಲ್ಲಿ ಎಲ್ಲಿ ತಿರುಗಿಸಿದರೂ ಒಂದು ನಡುಗಡ್ಡೆ ಬಂದು ಕೂರುತ್ತದೆ, ಕೂರ್ಮಗಡವೋ ದೇವಗಡವೋ. ನಕಲು ಮಾಡಲು ಕಾರವಾರ ಬಿಡಲಿಲ್ಲ, ಒಳ್ಳೆಯದೇ ಆಯಿತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದನ್ನು ಮಾತ್ರ ಅವರಿಂದ ಇಟ್ಟುಕೊಂಡೆ.

ಹಳೇ ನೆಗೆಟಿವ್ (ಕುಮಟಾ)

ನಾನು ನಲವತ್ತು ವರ್ಷ ಸ್ಟುಡಿಯೋ ನಡೆಸಿದವನು. ಈಗ ಮಗ ನಡೆಸುತ್ತಾನೆ, ನಾನು ಕುರ್ಚಿ ಕಾಯುತ್ತೇನೆ. ನಿಮ್ಮ ಚಿತ್ರ ನೋಡಿ ಕೆಲವು ನೆನಪಾದವು, ಉದ್ದ ಆದರೆ ಬಿಟ್ಟು ಮುಂದೆ ಹೋಗಿ.

ಆಗ ಒಂದು ರೋಲಿಗೆ 36. ಮದುವೆ ಮನೆಯಲ್ಲಿ 34 ತೆಗೆದು ಕೊನೆಯ ಎರಡು ಉಳಿಸಿಕೊಳ್ಳುತ್ತಿದ್ದೆ. ಊಟ ಮುಗಿಸಿ ವಾಪಸ್ ಬರುವಾಗ ದಾರಿಯಲ್ಲಿ ಏನು ಸಿಕ್ಕರೆ ಅದು. ತದಡಿಯ ಜಂಗಲ್ (ಜನರನ್ನು ದಾಟಿಸುವ ದೋಣಿ), ಹೊಳೆ ಕಡಲು ಸೇರುವ ಅಳವೆಯಲ್ಲಿ ಬಳಚು ಅಂದರೆ ಚಿಪ್ಪಿ ಹೆಕ್ಕುವ ಹೆಂಗಸರು, ಸಾಣಿಕಟ್ಟಾದ ಉಪ್ಪಿನ ರಾಶಿ. ಆ ಎರಡೆರಡೇ ಸೇರಿ ಈಗ ಒಂದು ಟ್ರಂಕ್ ಆಗಿದೆ. ಯಾರಿಗೂ ತೋರಿಸಿದ್ದಿಲ್ಲ. ಗಿರಾಕಿಗೆ ಗೊತ್ತಾದರೆ "ನಮ್ಮ ರೋಲಿನಲ್ಲಿ ಎರಡು ಕದ್ದೆ" ಅನ್ನುತ್ತಿದ್ದರು, ನಿಜವೂ ಹೌದು.

ಮಳೆಗಾಲದಲ್ಲಿ ಪ್ರಿಂಟ್ ಒಣಗುವುದೇ ದೊಡ್ಡ ಸಮಸ್ಯೆ. ಡಾರ್ಕ್‌ರೂಮಿನಿಂದ ತಂದು ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಕ್ಲಿಪ್ ಹಾಕುತ್ತಿದ್ದೆ. ಒಂದು ಸಲ ಮದುಮಗಳ ಫೋಟೋಗೆ ಒಣಮೀನು ಸುಟ್ಟ ವಾಸನೆ ಹತ್ತಿ ಅವರು ವಾಪಸ್ ತಂದುಕೊಟ್ಟರು.

ಕಾವಿ ಬಗ್ಗೆ ಆಸಕ್ತಿ ಇರುವವರು ಕೃಷ್ಣಾನಂದ ಕಾಮತರ ಚಿತ್ರಗಳನ್ನು ಹುಡುಕಿ ನೋಡಬೇಕು. ಹೊನ್ನಾವರದಲ್ಲಿ ಹುಟ್ಟಿದವರು, 1934ರಿಂದ 2002. ವಿಜ್ಞಾನಿ, ಬರಹಗಾರರು, ಜೊತೆಗೆ ಒಳ್ಳೆಯ ಛಾಯಾಗ್ರಾಹಕರು. ಕಾವಿ ಕಲೆಯನ್ನು ಕ್ಯಾಮೆರಾದಲ್ಲಿ ದಾಖಲಿಸಿದವರಲ್ಲಿ ಮುಖ್ಯರು. ಅವರು ತೆಗೆದದ್ದು "ಫೈನ್ ಆರ್ಟ್" ಅಂತಲ್ಲ, ದಾಖಲೆಗೆ. ಆದರೆ ಗೋಡೆ ಹೋದ ಮೇಲೆ ಉಳಿಯುವುದು ಅಂಥ ಫೋಟೋವೇ. ಅದಕ್ಕೇ ಹೇಳುತ್ತೇನೆ, ಆ ಬಾಲದ ಚಿತ್ರ ಸೇರಿಸಿ ಅಕ್ಕೋರೆ.

ಒಂದು ಸ್ಟಾಪ್ (ಬೆಂಗಳೂರು, ಊರು ಅಂಕೋಲಾ)

ಚಿತ್ರ 11 ಹೇಗೆ ತೆಗೆದಿರಿ ಹೇಳಿ. ಬೋಟುಗಳು ಹೊಗೆಯ ಹಾಗೆ ಆಗಿವೆ, ಹಗ್ಗ ಸುತ್ತಿದ ಕಬ್ಬಿಣದ ಗೂಟ ಮಾತ್ರ ಚೂಪಾಗಿದೆ. ಎರಡು ಚಿತ್ರ ಅಂಟಿಸಿದ್ದೋ?

ಕೆಮ್ಮಣ್ಣು

ಅಂಟಿಸಿದ್ದಲ್ಲ. 10 ಸ್ಟಾಪಿನ ಎನ್‌ಡಿ ಫಿಲ್ಟರ್, ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ. ಅದು ಬೆಳಕನ್ನು ಸುಮಾರು ಸಾವಿರ ಪಟ್ಟು ಕಡಿಮೆ ಮಾಡುತ್ತದೆ. ಫಿಲ್ಟರ್ ಇಲ್ಲದೆ ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕಿತ್ತು, ಹಾಕಿದ ಮೇಲೆ 34 ಸೆಕೆಂಡ್ ಬಂತು. ಅಷ್ಟು ಹೊತ್ತಿನಲ್ಲಿ ಕಟ್ಟಿದ ಬೋಟು ಅಲೆಗೆ ನಾಲ್ಕೈದು ಸಲ ತೂಗುತ್ತದೆ, ಅದು ಹೊಗೆ. ಧಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಕಲ್ಲು, ಗೂಟ ಅಲುಗುವುದಿಲ್ಲ, ಅದು ಚೂಪು. ಧಕ್ಕೆಯ ಮೇಲೆ ಟ್ರೈಪಾಡ್ ಇಟ್ಟಿದ್ದರಿಂದ ಹೀಗೆ ಬಂತು. ಬೋಟಿನ ಮೇಲೆ ಇಟ್ಟಿದ್ದರೆ ಬೋಟು ಚೂಪು, ಕಾರವಾರ ಹೊಗೆ ಆಗುತ್ತಿತ್ತು. ಅದನ್ನೂ ಮಾಡಿ ನೋಡಬೇಕು ಅಂತ ಈಗ ಬರೆಯುವಾಗ ಹೊಳೆಯಿತು.

ಕೊಡೆ ಹಿಡಿದವನು ನನ್ನ ತಮ್ಮ. ಅವನ ಹೆಸರೂ ಚಿತ್ರದ ಕೆಳಗೆ ಹಾಕಬೇಕಂತೆ.

ಒಂದು ಸ್ಟಾಪ್

ಮಳೆಯಲ್ಲಿ ಫಿಲ್ಟರ್ ಮೇಲೆ ಹನಿ ಕೂತರೆ?

ಕೆಮ್ಮಣ್ಣು

ಕೂರುತ್ತದೆ. ಹತ್ತರಲ್ಲಿ ಏಳು ಹಾಳು. ಹಳೇ ಕಾಟನ್ ಪಂಚೆಯ ತುಂಡು ಕಿಸೆಯಲ್ಲಿ ಇರಬೇಕು. ಅಂಗಡಿಯಲ್ಲಿ ಮಾರುವ ಬಟ್ಟೆಗಿಂತ ಅದೇ ಒಳ್ಳೆಯದು.

ಮನೆಗೆ ಬಂದ ಕೂಡಲೇ ಟ್ರೈಪಾಡಿನ ಕಾಲು ಸಿಹಿನೀರಿನಲ್ಲಿ ತೊಳೆಯಿರಿ. ಮೊದಲ ವರ್ಷ ನಾನು ಸೋಮಾರಿತನ ಮಾಡಿ ಒಂದು ಕಾಲಿನ ತಿರುಪು ಉಪ್ಪಿಗೆ ಹಿಡಿದು ಕೂತಿದೆ, ಈಗಲೂ ಕುಂಟುತ್ತದೆ. ಹಾಗೇ, ಹೊಸದಾಗಿ ಬರುವವರಿಗೆ: ನೌಕಾನೆಲೆ ಹತ್ತಿರ ಇದೆ. ಅದರ ಕಡೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಯೋಚನೆಯಂತೂ ಬಿಟ್ಟೇಬಿಡಿ. ಬಂದರಿನಲ್ಲೂ ಕೇಳಿಯೇ ಒಳಗೆ ಹೋಗಿ.

ಗಜನಿ (ಗೋಕರ್ಣದ ಹತ್ತಿರ)

ಎಲ್ಲರೂ ಹೊಗಳಿದ್ದಾರೆ, ನಾನು ಸ್ವಲ್ಪ ಜಗಳ ಮಾಡುತ್ತೇನೆ.

ಚಿತ್ರ 9ರಲ್ಲಿ ಎರಡು ಬೋಟಿನ ನಡುವಿನ ನೀರು ನೋಡಿ. ಎಷ್ಟು ಚೊಕ್ಕ! ನಾನು ಬೈತಖೋಲಿಗೆ ಹೋಗಿದ್ದೇನೆ. ಯಾವ ಬಂದರಿನಲ್ಲೂ ಮಳೆಗಾಲದಲ್ಲಿ ನೀರು ಹಾಗಿರುವುದಿಲ್ಲ. ಬಾಟಲಿ, ಥರ್ಮಾಕೋಲು, ಒಂಟಿ ಚಪ್ಪಲಿ ಎಲ್ಲಾ ತೇಲುತ್ತಿರುತ್ತವೆ. ನೀವು ತೆಗೆದಿದ್ದೀರಿ ಅಲ್ವಾ? ಕಂಪ್ಯೂಟರಿನಲ್ಲಿ ಬಾಟಲಿ ಅಳಿಸುವುದು ಕೆರೆಯುವುದಲ್ಲ. ಆಯಿಲ್ ಪೇಂಟ್ ಹೊಡೆಯುವುದು.

ಕೆಮ್ಮಣ್ಣು

ಸಿಕ್ಕಿಬಿದ್ದೆ.

ಹೌದು, 9ರಲ್ಲಿ ಒಂದು ಬಾಟಲಿ ಅಳಿಸಿದ್ದೇನೆ. ಉಳಿದ ಹನ್ನೊಂದರಲ್ಲಿ ಬೆಳಕು, ಬಣ್ಣದ ಹದ ಬಿಟ್ಟರೆ ಏನೂ ಮುಟ್ಟಿಲ್ಲ. 9ರಲ್ಲಿ ಬಾಟಲಿಯ ಮುಚ್ಚಳ ಹಸಿರು, ಕಣ್ಣು ನೇರ ಅಲ್ಲಿಗೇ ಹೋಗುತ್ತಿತ್ತು. ಫೈನ್ ಆರ್ಟ್ ಅಂದ ಮೇಲೆ ಇದಕ್ಕೆ ಅಡ್ಡಿ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಪತ್ರಿಕೆಯ ಫೋಟೋ ಅಲ್ಲವಲ್ಲ.

ಆದರೆ ಆಯಿಲ್ ಪೇಂಟ್ ಅಂದಿರಲ್ಲ, ಅದು ಚುಚ್ಚಿತು. ಸಿಂಹದ ಮೇಲೆ ಬಣ್ಣ ಹೊಡೆದವರೂ "ಚೊಕ್ಕ ಕಾಣಲಿ" ಅಂತಲೇ ಹೊಡೆದದ್ದು. ಮೂಲ ಫೈಲು ಇದೆ. ನೋಡುತ್ತೇನೆ.

ಚೌಕಿಮನೆ (ಹೊನ್ನಾವರ)

ಗಜನಿಯವರೇ, ಇಷ್ಟು ಬಿಗಿ ಬೇಡ. ಯಕ್ಷಗಾನದ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಮುಖಕ್ಕೆ ಬಣ್ಣ ಬಳಿದುಕೊಂಡವನು ಸುಳ್ಳು ಹೇಳುತ್ತಿದ್ದಾನೆ ಅಂತ ಯಾರಾದರೂ ಅಂತಾರಾ? ರಂಗಸ್ಥಳಕ್ಕೆ ಬೇಕಾದ್ದು ರಂಗಸ್ಥಳಕ್ಕೆ.

ಗಜನಿ

ಚೌಕಿಯಲ್ಲಿ ಬಣ್ಣ ಬಳಿದುಕೊಳ್ಳುವುದನ್ನು ಬಾಗಿಲಲ್ಲಿ ನಿಂತು ನೋಡಬಹುದು. ಯಾರೂ ಮುಚ್ಚಿಡುವುದಿಲ್ಲ. ನಾನು ಕೇಳಿದ್ದೂ ಅಷ್ಟೇ, ಅಳಿಸಿದರೆ ಅಳಿಸಿದ್ದೇನೆ ಅನ್ನಿ.

ಇನ್ನೊಂದು. ನಮ್ಮ ಕಡೆ ಬಳಚು ಹೆಕ್ಕುವ ಹೆಂಗಸರನ್ನು, ಹಾಲಕ್ಕಿ ಸಮುದಾಯದ ಅಜ್ಜಿಯರನ್ನು ಹುಡುಕಿಕೊಂಡು ಕ್ಯಾಮೆರಾದವರು ಬರುತ್ತಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಇದು ಜಾಸ್ತಿ ಆಗಿದೆ ಅಂತ ನನಗನ್ನಿಸುತ್ತದೆ. ಕತ್ತಿನ ಮಣಿಸರ ಕಾಣುವ ಹಾಗೆ ನಿಲ್ಲಿಸಿ, "ನಗಬೇಡಿ ಅಜ್ಜಿ, ದೂರ ನೋಡಿ" ಅನ್ನುತ್ತಾರೆ. ಅಜ್ಜಿಗೆ ಇಳಿತದ ಹೊತ್ತು ಮುಗಿಯುವ ಚಿಂತೆ. ಭರತ (ಉಬ್ಬರ) ಬಂದರೆ ಆ ದಿನದ ಬಳಚು ಹೋಯಿತು. ಅಕ್ಕೋರು ಅದನ್ನು ಮಾಡಿಲ್ಲ, ಅದಕ್ಕೆ ಥ್ಯಾಂಕ್ಸ್. ನಿಮ್ಮಲ್ಲಿ ಮನುಷ್ಯರೇ ಕಡಿಮೆ. 7ರಲ್ಲಿ ಎರಡು ಕೈ ಮಾತ್ರ. ಅದು ಬೇಕಂತಲೇನಾ?

ಬಂದರು ಹುಡುಗ (ಕಾರವಾರ)

ನಡುವೆ ಬಾಯಿ ಹಾಕುತ್ತೇನೆ. ನಮ್ಮ ಮನೆಯದು ಒಂದು ಬೋಟಿದೆ. ಚಿತ್ರ 2ರಲ್ಲಿ ಎಡಗಡೆಯದು ನಮ್ಮದೇ ಇರಬೇಕು, ತಾಡಪಾಲಿಗೆ ಹಾಕಿದ ಹೊಲಿಗೆ ನನ್ನ ಕೈಯದು.

ನೋಡಿ ಖುಷಿ ಆಯಿತು. ಸ್ವಲ್ಪ ಸಿಟ್ಟೂ ಬಂತು, ಯಾಕೆ ಅಂತ ಹೇಳುತ್ತೇನೆ. ನಿಮಗೆ ಆ 61 ದಿನ ಶಾಂತ. ನಮಗೆ ಅದೇ ಖರ್ಚಿನ ತಿಂಗಳುಗಳು. ಒಡಿಶಾ, ಜಾರ್ಖಂಡಿನ ಖಲಾಸಿಗಳು (ಬೋಟಿನ ಕೆಲಸಗಾರರು) ಊರಿಗೆ ಹೋಗುತ್ತಾರೆ, ವಾಪಸ್ ಬರಲಿ ಅಂತ ಮುಂಗಡ ಕೊಡಬೇಕು. ಇಂಜಿನ್ ಬಿಚ್ಚಬೇಕು, ಬಲೆ ಸರಿ ಮಾಡಬೇಕು. ನಿಮ್ಮ 4ರ ಆ ಚಂದದ ಕಾವಿ ಬಣ್ಣ ನಮಗೆ ವೆಲ್ಡಿಂಗ್ ಬಿಲ್ಲು. ತುಕ್ಕು ಅಷ್ಟು ಇಳಿದಿದೆ ಅಂದರೆ ಎಲ್ಲೋ ತಗಡು ತೆಳ್ಳಗಾಗಿದೆ ಅಂತ ಅರ್ಥ. ಯಾರ ಬೋಟು ಅದು? ಅವರಿಗೆ ಹೇಳಿದಿರಾ?

ತಪ್ಪು ತಿಳಿಯಬೇಡಿ. ಫೋಟೋ ಚೆನ್ನಾಗಿದೆ.

ಕೆಮ್ಮಣ್ಣು

ತಪ್ಪು ತಿಳಿಯುವುದೆಂತ, ಈ ಮಾತು ನನಗೆ ಬೇಕಿತ್ತು.

ಬೋಟಿನವರಿಗೆ ಹೇಳಿದ್ದೆ. ಫೋಟೋ ತೋರಿಸಿದ್ದಕ್ಕೆ ಅವರು ಬಣ್ಣ ನೋಡಲೇ ಇಲ್ಲ, ಸೀದಾ ಬಗ್ಗಿ ಬೆರಳಿನಲ್ಲಿ ತಗಡು ಒತ್ತಿ ನೋಡಿದರು. ಮರುದಿನ ನೀರು ಖಾಲಿ ಮಾಡಿದ್ದರು. ಅಂದರೆ ಆ ಚಿತ್ರ ಇನ್ನೊಮ್ಮೆ ಸಿಗುವುದಿಲ್ಲ.

ಶಾಂತ ಅಂತ ನಾನು ಎಲ್ಲೂ ಬರೆದಿಲ್ಲ. ಆದರೆ ಚಿತ್ರಗಳು ಹಾಗೆ ಹೇಳುತ್ತಿದ್ದರೆ ಬರೆಯದಿದ್ದರೂ ಒಂದೇ. ಮೋಡದ ಬೆಳಕು ಎಲ್ಲವನ್ನೂ ಮೆತ್ತಗೆ ಮಾಡುತ್ತದೆ, ಸಾಲವನ್ನೂ. ಇದರ ಬಗ್ಗೆ ಇನ್ನೂ ಯೋಚಿಸಬೇಕು. ಈಗಲೇ ಉತ್ತರ ಇಲ್ಲ.

ಗಜನಿಯವರಿಗೆ, 7ರ ಕೈಗಳ ಕತೆ. ಬಲೆ ಸರಿ ಮಾಡುವ ಒಬ್ಬ ಹಿರಿಯರು. ಕಾಲ ಹೆಬ್ಬೆರಳಿಗೆ ಬಲೆಯ ಒಂದು ಕಣ್ಣು ಸಿಕ್ಕಿಸಿ, ಜಗ್ಗಿ ಹಿಡಿದು, ಕೈಯಲ್ಲಿ ಗಂಟು ಹಾಕುತ್ತಿದ್ದರು. ಕೇಳಿದೆ. "ಮುಖ ಬೇಡ ಬಾಯೀ, ಕೈ ತೆಕ್ಕೊ" ಅಂದರು. ಕೈ ತೆಗೆದೆ. ಬೆರಳ ಸಂದಿಯಲ್ಲಿ ನೂಲು ಉಜ್ಜಿ ಉಜ್ಜಿ ಗೀರಾಗಿ, ಆ ಗೀರು ಬೆಳ್ಳಗೆ. ಕಾವಿಯ ಗೆರೆಯ ಹಾಗೇ. ಪ್ರಿಂಟ್ ಮಾಡಿಸಿ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಎರಡು ನಿಮಿಷ ನೋಡಿದರು. ನಾನು ಉಸಿರು ಬಿಗಿಹಿಡಿದಿದ್ದೆ. ಕೊನೆಗೆ "ಇದು ನಮ್ಮ ಬಲೆ ಅಲ್ಲ, ಪಕ್ಕದ ಬೋಟಿಂದು" ಅಂದು ಮಡಚಿ ಕಿಸೆಗೆ ಹಾಕಿಕೊಂಡರು. ಹತ್ತಿಯ ಕಾಗದ, ನಾಲ್ಕು ಮಡಿಕೆ!

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಯಾರಾದರೂ ಕೇಳುವ ಮೊದಲು. 2024ರಲ್ಲಿ ಜುಲೈ 16ರಿಂದ ಒಂದೂ ಚಿತ್ರ ಇಲ್ಲ. ಅವತ್ತು ಅಂಕೋಲೆಯ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಯ ಮೇಲಿದ್ದ ಜೀವಗಳು ಹೋದವು, ಗಂಗಾವಳಿ ಹೊಳೆಯಲ್ಲಿ ಹುಡುಕಾಟ ತಿಂಗಳುಗಟ್ಟಲೆ ನಡೆಯಿತು. ಬಂದರಿಗೆ ಹೋದೆ, ಕ್ಯಾಮೆರಾ ತೆಗೆದೆ. ಹಿಂದಿನ ಕೆಂಪು ಗುಡ್ಡ ಫ್ರೇಮಿನಲ್ಲಿ ಬಂತು. ಒತ್ತಲು ಆಗಲಿಲ್ಲ. ಹದಿನೈದು ದಿನ ಹಿಂದೆ ಅದೇ ಬಣ್ಣಕ್ಕೆ ಮರುಳಾಗಿದ್ದೆ.

ಒಂದು ಸ್ಟಾಪ್

ಆ ಹದಿನಾರು ದಿನಕ್ಕೆ ಖಾಲಿ ಫ್ರೇಮ್ ಹಾಕಬಹುದಲ್ಲ? ಗೋಡೆಯ ಮೇಲೆ ಹದಿನಾರು ಕಪ್ಪು ಚೌಕ. ನೋಡುವವರಿಗೆ ತಟ್ಟುತ್ತದೆ.

ಕೆಮ್ಮಣ್ಣು

ಬೇಡ. ಅದನ್ನು ಕಲೆ ಮಾಡಲು ನನಗೆ ಮನಸ್ಸಿಲ್ಲ. ತೆಗೆಯಲಿಲ್ಲ, ಇಲ್ಲ, ಅಷ್ಟೇ.

ಬಂಗಡೆಪ್ರಿಯ

ಅದಾಗಿ ಮೂರು ವಾರಕ್ಕೆ ಕಾಳಿ ಹೊಳೆಯ ಹಳೇ ಸೇತುವೆಯೂ ಬಿತ್ತು. ಆಗಸ್ಟ್ 7, ನಡುರಾತ್ರಿ. ಲಾರಿಯ ಡ್ರೈವರ್ ಬದುಕಿದ್ದೇ ಪುಣ್ಯ. ಆ ಸೇತುವೆಯ ಫೋಟೋ ನಿಮ್ಮಲ್ಲಿ ಇಲ್ಲವಾ ಅಕ್ಕೋರೆ?

ಕೆಮ್ಮಣ್ಣು

ಸದಾಶಿವಗಡದಿಂದ ಮಂಜಿನಲ್ಲಿ ತೆಗೆದ ಒಂದಿದೆ. ಕಂಬಗಳು ಅರ್ಧ ಕಾಣುತ್ತವೆ, ಅರ್ಧ ಇಲ್ಲ. ಮೊದಲು ಅದು ಮಂಜಿನ ಚಿತ್ರವಾಗಿತ್ತು. ಬಿದ್ದ ಮೇಲೆ ಎಲ್ಲರಿಗೂ ಅದು ಸೇತುವೆಯ ಚಿತ್ರ. ಇಟ್ಟುಕೊಂಡಿದ್ದೇನೆ.

ಕಾಂಡ್ಲಾ (ಕುಮಟಾ)

ನಾನು ಸಸ್ಯಶಾಸ್ತ್ರ ಕಲಿಸುವವಳು, ಕ್ಯಾಮೆರಾ ಗೊತ್ತಿಲ್ಲ. ಆದರೆ ನೀಲಿ ಅಂದ ಕೂಡಲೇ ಒಂದು ಹೇಳಬೇಕು.

ಕ್ಯಾಮೆರಾ ಇಲ್ಲದೆಯೂ ಫೋಟೋ ಮಾಡಬಹುದು. ಸಯನೋಟೈಪ್ ಅಂತ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಮರುವರ್ಷದಿಂದಲೇ ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ ಅನ್ನುವ ಹೆಂಗಸು ಕಡಲ ಪಾಚಿಗಳನ್ನು ಈ ವಿಧಾನದಲ್ಲಿ ದಾಖಲಿಸಿದಳು. ಆಕೆಯೂ ಸಸ್ಯಶಾಸ್ತ್ರದವಳೇ. ಎರಡು ಕಬ್ಬಿಣದ ಲವಣ, ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್, ನೀರಲ್ಲಿ ಕಲಸಿ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸುವುದು. ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿಯುವುದು. ಆಮೇಲೆ ನೀರಲ್ಲಿ ತೊಳೆದರೆ ಆಯಿತು. ಬಿಸಿಲು ಬಿದ್ದಲ್ಲಿ ಗಾಢ ನೀಲಿ, ಎಲೆ ಇದ್ದಲ್ಲಿ ಕಾಗದದ ಬಿಳಿ.

ನಿಮ್ಮ ಕಾವಿಯ ಹಾಗೇ ಅಲ್ವಾ? ಬಿಳಿಯನ್ನು ಯಾರೂ ಹಚ್ಚುವುದಿಲ್ಲ. ನಮ್ಮ ಮಕ್ಕಳ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಎಲೆ ಇಟ್ಟು ಮಾಡಿಸಿದ್ದೇನೆ. ಡಿಸೆಂಬರಿನಲ್ಲಿ ಮಾಡಿ. ಜುಲೈಯಲ್ಲಿ ನಮ್ಮ ಊರಿನಲ್ಲಿ ಬಿಸಿಲೂ ಇಲ್ಲ, ಕಾಗದವೂ ಒಣಗುವುದಿಲ್ಲ.

ಸೊಪ್ಪಿನಬೆಟ್ಟ

ನೀಲಿ ಅಂದರೆ ನಮ್ಮನ್ನು ಬಿಟ್ಟು ಹೇಗೆ ಮಾತಾಡುತ್ತೀರಿ? ಶಿರಸಿ ಕಡೆ ಮಳೆಗಾಲದ ಬಣ್ಣವೇ ನೀಲಿ.

ಅಡಿಕೆಗೆ ಕೊಳೆರೋಗ ಬರಬಾರದು ಅಂತ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. ನೂರು ಲೀಟರ್ ನೀರಿಗೆ ಒಂದೊಂದು ಕೆಜಿ. ಎರಡನ್ನೂ ಬೇರೆ ಬೇರೆ ಕಲಸಿ, ಆಮೇಲೆ ಸೇರಿಸುವುದು. ಸೇರುವ ಆ ಗಳಿಗೆ ನೋಡಬೇಕು. ಅತ್ತ ಮೈಲುತುತ್ತದ ಗಾಜಿನಂಥ ನೀಲಿ, ಇತ್ತ ಸುಣ್ಣದ ಹಾಲು. ಸೇರಿದ ಕೂಡಲೇ ಮುಗಿಲಿನ ನೀಲಿ. ಕೊನೆಗೌಡ ಮರ ಹತ್ತಿ ಹೊಡೆದರೆ ಅಡಿಕೆ ಗೊನೆ, ಎಲೆ, ಕೆಳಗಿನ ಯಾಲಕ್ಕಿ, ಅವನ ಟೊಪ್ಪಿ, ಮೀಸೆ ಎಲ್ಲಾ ನೀಲಿ. ನಮ್ಮ ಅಂಗಳದ ಡ್ರಮ್ಮಿನ ಸುತ್ತ ನೆಲ ವರ್ಷಗಟ್ಟಲೆಯಿಂದ ನೀಲಿ ಆಗಿದೆ, ಅದರ ಸುತ್ತ ಕೆಮ್ಮಣ್ಣು. ಇಷ್ಟು ವರ್ಷ ಅದನ್ನು ದಾಟಿ ಓಡಾಡಿದ್ದೇನೆ. ಇವತ್ತು ನಿಮ್ಮ 4 ನೋಡಿ ಬಂದು ಅಲ್ಲೇ ನಿಂತುಬಿಟ್ಟೆ. ಅಮ್ಮ "ಎಂತ ಬಿತ್ತು?" ಅಂತ ಕೇಳಿದಳು.

ಕಾಂಡ್ಲಾ

ನಮ್ಮದು ಕಬ್ಬಿಣದ ನೀಲಿ, ನಿಮ್ಮದು ತಾಮ್ರದ ನೀಲಿ. ಅಕ್ಕೋರದ್ದು ಪ್ಲಾಸ್ಟಿಕ್ಕಿನ ನೀಲಿ.

ಕೆಮ್ಮಣ್ಣು

ಸುಣ್ಣ ಮಾತ್ರ ಕಾವಿಗೂ ಬಂತು, ಅಡಿಕೆಗೂ ಬಂತು! ಸೊಪ್ಪಿನಬೆಟ್ಟದವರೇ, ಆ ಅಂಗಳ ಹಾಗೇ ಇರಲಿ. ತೊಳೆಯಬೇಡಿ. ಎರಡನೇ ಸಲ ಔಷಧಿ ಹೊಡೆಯುವ ದಿನ ಹೇಳಿದರೆ ಬರುತ್ತೇನೆ.

ಸೊಪ್ಪಿನಬೆಟ್ಟ

ಮಳೆ ಬಿಟ್ಟರೆ ಮುಂದಿನ ವಾರ. ಬಿಡಬೇಕಲ್ಲ. ಕಂಬಳಿಕೊಪ್ಪೆ ಇದೆ, ಕೊಡೆ ತರುವುದು ಬೇಡ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ.

ಹಳೇ ನೆಗೆಟಿವ್

ಘಟ್ಟದ ಮೇಲೆ ಹೋಗುವುದಾದರೆ ಲೆನ್ಸ್ ಹುಷಾರು. ಅಲ್ಲಿ ಉಪ್ಪು ಇಲ್ಲ, ಆದರೆ ಬೂಷ್ಟು ಜಾಸ್ತಿ. ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಹಬ್ಬುತ್ತದೆ. ನನ್ನ ಒಂದು 50 ಎಂಎಂ ಲೆನ್ಸ್ ಹಾಗೇ ಹೋಯಿತು. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ತಿಂಗಳಿಗೊಮ್ಮೆ ಬಾಣಲೆಯಲ್ಲಿ ಬಿಸಿ ಮಾಡಿ ತಿರುಗಿ ಬಳಸಿ. ಅಕ್ಕಿ ಮಾತ್ರ ಬೇಡ, ಅದರ ಹಿಟ್ಟು ಒಳಗೆ ಹೋಗುತ್ತದೆ.

ಬಂಗಡೆಪ್ರಿಯ

ಮತ್ತೆ ನನ್ನ ಅಕ್ಕಿಗೇ ಬಂದರು.

ಪ್ರಿಂಟ್ ಕೊಡುತ್ತೀರಾ ಅಕ್ಕೋರೆ? 4 ಬೇಕು. ಎಷ್ಟು?

ಕೆಮ್ಮಣ್ಣು

ಹನ್ನೆರಡು ಹದಿನೆಂಟು ಇಂಚಿನದು, ಹತ್ತಿಯ ಕಾಗದ, ಒಂದೊಂದು ಚಿತ್ರಕ್ಕೆ ಹತ್ತೇ ಪ್ರತಿ. ಆರು ಸಾವಿರ. ಮೊದಲು ಒಂದು ಲ್ಯಾಬಿಗೆ ಕೊಟ್ಟಿದ್ದೆ, ಕೆಂಪೆಲ್ಲಾ ಕಿತ್ತಳೆ ಮಾಡಿ, ಹೊಳೆಯುವ ಕಾಗದದಲ್ಲಿ ಕಳಿಸಿದರು. "ಡಲ್ ಇತ್ತು ಮೇಡಂ, ಬ್ರೈಟ್ ಮಾಡಿದೆವು" ಅಂದರು. ಈಗ ಬೇರೆ ಕಡೆ, ಪಕ್ಕದಲ್ಲಿ ಕೂತೇ ಮಾಡಿಸುತ್ತೇನೆ. ಆ ಖರ್ಚೂ ಸೇರಿ ಆರು.

ಬಂಗಡೆಪ್ರಿಯ

ಆರು ಸಾವಿರಕ್ಕೆ ಹತ್ತು ತಾಡಪಾಲು ಬರುತ್ತದೆ.

ಒಂದು ನನ್ನ ಹೆಸರಿಗೆ ಬರೆದುಕೊಳ್ಳಿ. ಹೆಂಡತಿಗೆ ಬೆಲೆ ಹೇಳಬೇಡಿ.

ಕೆಮ್ಮಣ್ಣು

ಎರಡು ಬದಲಾವಣೆ ಮಾಡಿದ್ದೇನೆ. 9 ತೆಗೆದು ಬಾಟಲಿ ಇರುವ ಮೂಲವನ್ನೇ ಹಾಕಿದ್ದೇನೆ. ಹಸಿರು ಮುಚ್ಚಳ ಈಗಲೂ ಕಣ್ಣಿಗೆ ಹೊಡೆಯುತ್ತದೆ. ನನಗೆ ಇನ್ನೂ ಇಷ್ಟವಾಗಿಲ್ಲ, ಇರಲಿ. ಸಿಂಹದ ಬಾಲ ಹದಿಮೂರನೆಯದಾಗಿ ಕೊನೆಯಲ್ಲಿದೆ, ಕರೆಂಟ್ ಪೆಟ್ಟಿಗೆಯ ಸಮೇತ.

ಗಜನಿ

ಬಾಟಲಿ ಬಂದ ಮೇಲೆ 9 ಹಾಳಾಯಿತು ಅಂತ ಒಪ್ಪುತ್ತೇನೆ. ಆದರೂ ಇದೇ ಇರಲಿ.

ಬಂದರು ಹುಡುಗ

ಅಕ್ಕೋರೆ, 2ರದ್ದು ಒಂದು ಪ್ರತಿ ನಮಗೆ ಬೇಕು. ಆರು ಸಾವಿರ ಈಗ ಆಗುವುದಿಲ್ಲ, ಆಗಸ್ಟ್ 1ಕ್ಕೆ ಹೊರಟ ಬೋಟು ಎರಡೇ ಟ್ರಿಪ್ ಮಾಡಿದೆ. ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ. ಹೊಲಿಗೆ ಸೊಟ್ಟ ಆಗಿದೆ ಅಂದಳು.

ಕೆಮ್ಮಣ್ಣು

ನಿಮ್ಮ ತಾಡಪಾಲಿಗೆ ನಾನು ಬಾಡಿಗೆ ಕೊಟ್ಟಿಲ್ಲ, ಹಾಗಾಗಿ ಲೆಕ್ಕ ಚುಕ್ತಾ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಧಕ್ಕೆಗೆ ತರುತ್ತೇನೆ. ಮಡಚದೆ ಒಯ್ಯಲು ಒಂದು ಪಿವಿಸಿ ಪೈಪು ತನ್ನಿ, ಎರಡಡಿಯದು ಸಾಕು.

ಬಂದರು ಹುಡುಗ

ಪೈಪು ಬೋಟಿನಲ್ಲೇ ಇದೆ. ಸ್ವಲ್ಪ ಮೀನಿನ ವಾಸನೆ ಬರಬಹುದು, ತೊಳೆದಿಡುತ್ತೇನೆ.